ಬೋವಿ ಕೇಳಲು ಶುರು ಮಾಡುವವರಿಗೆ: ಸಂಗ್ರಹವೋ, ‘ಲೋ’ ಆಲ್ಬಮ್ಮೋ?

ಇಂಗ್ಲೆಂಡಿನ ರಾಕ್ ಗಾಯಕ ಡೇವಿಡ್ ಬೋವಿಯ ಹಾಡು ಕೇಳಬೇಕು, ಆಯ್ದ ಹಾಡುಗಳ ಯಾವ ಸಂಗ್ರಹ ತಗೊಳ್ಳಲಿ ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ: ಸಂಗ್ರಹ ಬೇಡ, 1977ರ ‘ಲೋ’ ತಗೊಳ್ಳಿ. ಎರಡನ್ನೂ ದುಡ್ಡು ಕೊಟ್ಟು ತಂದು ಕೇಳಿದ ಮೇಲೆ ಹೇಳುತ್ತಿರುವ ಮಾತಿದು.

2014ರ ‘ನಥಿಂಗ್ ಹ್ಯಾಸ್ ಚೇಂಜ್ಡ್’ ಮೂರು ಸಿಡಿಗಳ ಸಂಗ್ರಹ. ಅದರ ತೊಡಕು ಹಾಡುಗಳ ಕ್ರಮದಲ್ಲಿದೆ: ಹೊಸದು ಮೊದಲು, ಹಳೆಯದು ಕೊನೆಗೆ. ಶುರುವಾಗುವುದು ಆ ವರ್ಷದ್ದೇ ಆದ ‘ಸೂ’ ಹಾಡಿನಿಂದ. ಜಾಜ್ ವಾದ್ಯವೃಂದದ ಜೊತೆಗಿನ, ಏಳು ನಿಮಿಷ ದಾಟುವ ಹಾಡು. ಹೊಸಬರಿಗೆ ಮೊದಲ ತುತ್ತೇ ಗಂಟಲಲ್ಲಿ ನಿಲ್ಲುತ್ತದೆ. 1969ರಲ್ಲಿ ಬೋವಿಗೆ ಹೆಸರು ತಂದ ‘ಸ್ಪೇಸ್ ಆಡಿಟಿ’ ಬರುವುದು ಮೂರನೇ ಸಿಡಿಯ ಕೊನೆಯ ಹೊತ್ತಿಗೆ. ಜಿಗ್ಗಿ ಸ್ಟಾರ್‌ಡಸ್ಟ್ ಅನ್ನುವ ವೇದಿಕೆಯ ವೇಷ ಕಳಚಿ, ಅಮೆರಿಕದ ಸೋಲ್ ಸಂಗೀತ ಹಿಡಿದು, ಅದನ್ನೂ ಬಿಟ್ಟು ಬರ್ಲಿನ್‌ಗೆ ಹೋದವನು ಅವನು. ಏನನ್ನು ಬಿಟ್ಟು ಬಂದ ಅನ್ನುವುದೇ ಆ ಬದುಕಿನ ಕಥೆ. ಹಿಂದುಮುಂದಾಗಿ ಕೇಳಿದರೆ ಅದು ಕೈಗೆ ಸಿಗುವುದೇ ಇಲ್ಲ.

ಇದೇ ಹೆಸರಿನ ಎರಡು ಸಿಡಿಯ ಆವೃತ್ತಿ ಸರಿಯಾದ ಕ್ರಮದಲ್ಲಿದೆ. ನಾನು ತರಿಸಲು ಹೇಳಿದ್ದೂ ಅದನ್ನೇ, ಅಂಗಡಿಯವರು ಕಳಿಸಿದ್ದು ಮೂರರದ್ದು. ವಾಪಸ್ ತಗೊಳ್ಳಲಿಲ್ಲ. ಎರಡರ ಮೇಲೂ ಕನ್ನಡಿ ನೋಡುತ್ತಿರುವ ಬೋವಿಯೇ ಇದ್ದಾನೆ, ಹಾಗಾಗಿ ಸಿಡಿ ಎಷ್ಟಿವೆ ಅಂತ ಕೇಳಿಯೇ ದುಡ್ಡು ಕೊಡಿ.

ಇನ್ನೊಂದು ಸಂಗ್ರಹ, 1990ರ ‘ಚೇಂಜಸ್‌ಬೋವಿ’ಯಲ್ಲಿ ‘ಫೇಮ್’ ಹಾಡಿನ ಮೂಲದ ಬದಲು ರೀಮಿಕ್ಸ್ ಇದೆ. ನನಗೆ ಬೇಡ.

ಇನ್ನು ‘ಲೋ’. ನಿರ್ಮಾಪಕ ಟೋನಿ ವಿಸ್ಕಾಂಟಿ ಡ್ರಮ್ಮಿನ ಸದ್ದನ್ನು ಸ್ವರ ಏರಿಳಿಸುವ ಹಾರ್ಮೊನೈಸರ್ ಯಂತ್ರದಲ್ಲಿ ಹಾಯಿಸಿದ್ದಾರೆ. ಪ್ರತಿ ಪೆಟ್ಟೂ ಬಿದ್ದ ಮೇಲೆ ಸ್ವರ ಕೆಳಕ್ಕೆ ಜಾರುತ್ತದೆ. ‘ಸೌಂಡ್ ಅಂಡ್ ವಿಷನ್’ ಬರೀ ಮೂರು ನಿಮಿಷದ ಹಾಡು, ಬೋವಿ ಬಾಯಿ ಬಿಡುವ ಹೊತ್ತಿಗೆ ಅರ್ಧ ಮುಗಿದಿರುತ್ತದೆ. ಈ ಹಾಡು ‘ನಥಿಂಗ್ ಹ್ಯಾಸ್ ಚೇಂಜ್ಡ್’ ಸಂಗ್ರಹದಲ್ಲೂ ಇದೆ. ಆದರೆ ‘ಲೋ’ ಎಲ್‌ಪಿಯ (ಗ್ರಾಮಫೋನ್ ತಟ್ಟೆಯ) ಎರಡನೇ ಬದಿಯಲ್ಲಿದ್ದ, ಸಂಗೀತಗಾರ ಬ್ರಯನ್ ಈನೊ ಜೊತೆ ಕಟ್ಟಿದ ‘ವಾರ್ಸಾವಾ’ದಂಥ ನಿಧಾನದ ಕೃತಿಗಳು ಅಲ್ಲಿಲ್ಲ. ಮೊದಲ ಬದಿಯ ಚಿಕ್ಕ ಚಿಕ್ಕ ಹಾಡುಗಳ ಬೆನ್ನಿಗೇ ಅವು ಬರಬೇಕು, ಆಗಲೇ ಮೈ ಜುಮ್ ಅನ್ನುವುದು.

ಫೋನಿನಲ್ಲಿ ಪುಕ್ಕಟೆ ಕೇಳಬಹುದು, ನಡುವೆ ಜಾಹೀರಾತು ನುಗ್ಗುತ್ತದೆ.

ನಾನು ರಾತ್ರಿ ಊಟವಾದ ಮೇಲೆ ಒಂದು ಆಲ್ಬಂ ಕೇಳಿ ಮಲಗುವವನು. ‘ಲೋ’ ಮುಕ್ಕಾಲು ಗಂಟೆಯೊಳಗೇ ಮುಗಿಯುತ್ತದೆ. ಹಳೆಯ ಸಿಡಿ ಸಿಕ್ಕರೂ ಸಾಕು, ಎಲ್‌ಪಿಯ ಬೆಲೆ ನನ್ನ ಕೈಗೆಟುಕುವುದಲ್ಲ. ಉಳಿದ ದುಡ್ಡಿಗೆ ಅದೇ ವರ್ಷದ ‘ಹೀರೋಸ್’ ತಗೊಳ್ಳಿ.