ವಾಪಿಟಿಯೋ, ಟೈಗರ್ ಮಾತೋ: ಯಾವುದರ ಇತಿಹಾಸ ಕೂಡಿಡಬೇಕು?

ಬೆಳಗಾವಿಯಲ್ಲಿ ಕೂತು ಜೋಡಿ ರೆಕ್ಕೆಯ ಹಳೇ ವಿಮಾನಗಳ ಇತಿಹಾಸ ಕೂಡಿಡಲು ಹೊರಟವರು ವಾಪಿಟಿ, ಟೈಗರ್ ಮಾತ್ ಎಂಬ ಎರಡು ಬ್ರಿಟಿಷ್ ವಿಮಾನಗಳಲ್ಲಿ ಮೊದಲು ಒಂದನ್ನು ಆರಿಸಿಕೊಳ್ಳುವುದು ಒಳ್ಳೆಯದು.

ವಾಪಿಟಿಯ ಮಹತ್ವವೇ ಬೇರೆ. 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡಿನಲ್ಲಿ ನಮ್ಮ ವಾಯುಪಡೆಯ ಮೊದಲ ಸ್ಕ್ವಾಡ್ರನ್ ಶುರುವಾದದ್ದು ಇಂಥ ನಾಲ್ಕು ವಿಮಾನಗಳಿಂದ. ಆದರೆ ಕಣ್ಣಾರೆ ಕಾಣಲು ದಿಲ್ಲಿಯ ಪಾಲಂ ಸಂಗ್ರಹಾಲಯಕ್ಕೇ ಹೋಗಬೇಕು. ಫೋಟೋ, ಕಾಗದಪತ್ರ ಸಿಗುವುದೂ ಅಪರೂಪ.

ಟೈಗರ್ ಮಾತ್ ಮೊದಲು ಹಾರಿದ್ದು 1931ರಲ್ಲಿ. ತಯಾರಾದದ್ದು 8,000ಕ್ಕೂ ಹೆಚ್ಚು. ಯುದ್ಧಕಾಲದ ತರಬೇತಿಗೆ, ಆಮೇಲೆ ಫ್ಲೈಯಿಂಗ್ ಕ್ಲಬ್ಬುಗಳಿಗೆ ಇದೇ ಬಂತು. ಹೊಸಬರಿಗೆ ಇದೇ ಸರಿ.

ಗುರುತು ಹಿಡಿಯುವಲ್ಲಿ ಮಾತ್ರ ಎಚ್ಚರ ಬೇಕು. ಅದೇ ಕಂಪನಿಯ ಹಿಂದಿನ ವಿಮಾನ ಜಿಪ್ಸಿ ಮಾತ್‌ನ ಫೋಟೋವನ್ನು ಟೈಗರ್ ಮಾತ್ ಎಂದು ಬರೆದಿಡುವುದು ಸಾಮಾನ್ಯ ತಪ್ಪು. ಮೂತಿ ನೋಡಿ: ಜಿಪ್ಸಿಯಲ್ಲಿ ನಾಲ್ಕು ಸಿಲಿಂಡರ್‌ಗಳ ತಲೆ ಮೇಲೆ ಎದ್ದು ಕಾಣುತ್ತದೆ. ಟೈಗರ್‌ನ ಎಂಜಿನ್ ತಲೆಕೆಳಗು, ಹಾಗಾಗಿ ಮೇಲ್ಭಾಗ ನುಣುಪು. ರೆಕ್ಕೆಗಳೂ ಹಿಂದಕ್ಕೆ ಬಾಗಿರುತ್ತವೆ. ವಾಪಿಟಿಯಲ್ಲಿ ಈ ಗೊಂದಲವೇ ಇಲ್ಲ, ಒಂಬತ್ತು ಸಿಲಿಂಡರ್ ಸುತ್ತಲೂ ಹರಡಿರುತ್ತವೆ.

ಎಂಜಿನ್ ಸಂಖ್ಯೆಯೊಂದನ್ನೇ ನಂಬಬೇಡಿ. ಎಂಜಿನ್ ಬಿಚ್ಚಿ ಇನ್ನೊಂದಕ್ಕೆ ಕೂರಿಸುತ್ತಿದ್ದರು, ಅದರ ಲಾಗ್‌ಬುಕ್ಕೂ (ಬಳಕೆ, ರಿಪೇರಿ ದಾಖಲಿಸುವ ಪುಸ್ತಕ) ಬೇರೆ. ವಿಮಾನದ ಒಡಲಿನ ತಯಾರಿಕಾ ಸಂಖ್ಯೆ ಹಿಡಿದೇ ಕಡತ ಕಟ್ಟಿ.

ನಮ್ಮ ಮಳೆಗಾಲದ ಥಂಡಿಗೆ ಫೋಟೋಗಳು ಒಂದಕ್ಕೊಂದು ಅಂಟುತ್ತವೆ. ಅಂಟಿದ್ದನ್ನು ಎಳೆಯಬೇಡಿ, ಮೇಲಿನ ಪದರವೇ ಕಿತ್ತು ಬರುತ್ತದೆ. ಪ್ರತಿಯೊಂದಕ್ಕೂ ಆಮ್ಲರಹಿತ ಕಾಗದದ ಲಕೋಟೆ ಕೊಡಿ. ಹಿಂಬದಿಯ ಬರಹವನ್ನೂ ಸೇರಿಸಿ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿ. ಎಷ್ಟೋ ಸಲ ಊರು, ತಾರೀಖು ಸಿಗುವುದು ಅಲ್ಲೇ.