ಒಂಬತ್ತು ವರ್ಷದಿಂದ ನಮ್ಮೂರ ಸಹಕಾರಿ ಭಂಡಾರದ ಗಿರಾಕಿ

“ಅಕ್ಕಾ, ಈ ಸಲದ ತೊಗರಿಬೇಳೆ ಒಯ್ಯಬೇಡಿ, ಬೇಗ ಬೇಯುವುದಿಲ್ಲ. ಗುರುವಾರ ಹೊಸ ಚೀಲ ಬರುತ್ತದೆ. ಅಲ್ಲಿಯವರೆಗೆ ಹೆಸರುಬೇಳೆಯಲ್ಲಿ ನಡೆಸಿ.”

ಈ ಭಂಡಾರಕ್ಕೆ ಮೊದಲ ಸಲ ಕಾಲಿಟ್ಟ ದಿನ ತೂಕ ಹಾಕುವವರು ನನಗೆ ಹೇಳಿದ ಮಾತು ಇದು. ಹುಬ್ಬಳ್ಳಿಯಲ್ಲಿ ಹನ್ನೆರಡು ವರ್ಷ ಸಂಸಾರ ಮಾಡಿ, ಯಜಮಾನರಿಗೆ ವರ್ಗವಾದಾಗ ಗದಗ ಜಿಲ್ಲೆಯ ಈ ಸಣ್ಣ ಊರಿಗೆ ಬಂದಿದ್ದೆ. ಮಾರಲು ನಿಂತವರೇ ತಮ್ಮ ಮಾಲನ್ನು ಬೇಡವೆಂದದ್ದನ್ನು ಅದುವರೆಗೆ ಕೇಳಿರಲಿಲ್ಲ. ಗುರುವಾರ ಮತ್ತೆ ಹೋದೆ. ಅಂದಿನಿಂದ ಇಂದಿನವರೆಗೆ ನಮ್ಮ ಮನೆಯ ತಿಂಗಳ ಸಂತೆ ಬಹುಪಾಲು ಅಲ್ಲಿಯೇ.

ಆ ಮಾತಿನ ಹಿಂದಿನ ಕಾರಣ ನನಗೆ ತಿಳಿದದ್ದು ಸದಸ್ಯಳಾದ ಮೇಲೆ. ಅಂಗಡಿಗೆ ಒಬ್ಬ ಮಾಲೀಕರಿಲ್ಲ. ಷೇರು ಕೊಂಡ ನಾವೇ ಮಾಲೀಕರು, ನಾವೇ ಗಿರಾಕಿಗಳು. ಷೇರು ಒಂದಿರಲಿ, ಐವತ್ತಿರಲಿ, ಸಭೆಯಲ್ಲಿ ಒಬ್ಬರಿಗೆ ಒಂದೇ ಮತ. ಕೆಟ್ಟ ಬೇಳೆಯನ್ನು ಸಾಗಹಾಕಿ ಗಳಿಸಿದ ಲಾಭ ಹೋಗುವುದಾದರೂ ಯಾರ ಮನೆಗೆ? ಗಲ್ಲಾದ ಹಿಂದಿನ ಗೋಡೆಯ ಮೇಲೆ ಬಸವಣ್ಣನವರ ಪಕ್ಕದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಚಿತ್ರವಿದೆ. ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ರೈತರ ಪತ್ತಿನ ಸಹಕಾರಿ ಸಂಘ ಕಟ್ಟಿದವರು ಅವರು. ದೇಶದ ಮೊದಲ ಸಹಕಾರಿ ಸಂಘವೆಂದು ಅದಕ್ಕೆ ಹೆಸರು. ಷೇರಿನ ಅರ್ಜಿ ತುಂಬುವ ಪ್ರತಿಯೊಬ್ಬರಿಗೂ ಗುಮಾಸ್ತರು ಈ ಕಥೆಯನ್ನು ಹೇಳಿಯೇ ಸಹಿ ಹಾಕಿಸುತ್ತಾರೆ. ಆ ಅಭಿಮಾನ ನನಗೆ ತುಂಬ ಇಷ್ಟ.

ಇಲ್ಲಿಯ ಜೋಳದ ಬಗ್ಗೆ ಹೇಳಲೇಬೇಕು. ಬಿಳಿಜೋಳದ ಚೀಲಗಳು ಬಾಯಿ ಮಡಚಿಕೊಂಡು ಸಾಲಾಗಿ ನಿಂತಿರುತ್ತವೆ. ಕೈ ಹಾಕಬಹುದು, ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿ ಊದಬಹುದು. ಮಳೆಗೆ ಸಿಕ್ಕ ಜೋಳದ ಮೂತಿ ಕಪ್ಪಾಗಿರುತ್ತದೆ, ಒಳ್ಳೆಯ ಕಾಳು ಮುತ್ತಿನ ಹಾಗೆ ಹೊಳೆಯುತ್ತದೆ, ಹಲ್ಲಿನಡಿ ಕಟ್ಟೆಂದು ಒಡೆಯುತ್ತದೆ. ಇದನ್ನೆಲ್ಲ ನನಗೆ ಕಲಿಸಿದವರು ಅಲ್ಲಿಗೆ ಬರುವ ಹಿರಿಯ ಹೆಣ್ಣುಮಕ್ಕಳು. ಹುಬ್ಬಳ್ಳಿಯಲ್ಲಿ ಪೊಟ್ಟಣದ ಹಿಟ್ಟು ತಂದು ರೊಟ್ಟಿ ಬಡಿಯುವಾಗ ಅಂಚು ಬಿರಿದರೆ ನನ್ನ ಕೈಗುಣವೇ ಸರಿಯಿಲ್ಲವೆಂದು ಕೊರಗುತ್ತಿದ್ದೆ. ಹಿಟ್ಟು ಹಳತಾದರೆ ಜಿಗುಟು ಹೋಗುತ್ತದೆ, ತಪ್ಪು ಕೈಯದಲ್ಲ. ಈಗ ಐದು ಕಿಲೋ ಜೋಳ ಕೊಂಡು, ಎದುರಿನ ಗಿರಣಿಯಲ್ಲಿ ಬೀಸಿಸಿಕೊಂಡು, ಹಿಟ್ಟು ಬಿಸಿಯಾಗಿರುವಾಗಲೇ ಮನೆಗೆ ತರುತ್ತೇನೆ. ರೊಟ್ಟಿ ತಟ್ಟೆಯಗಲ ಬರುತ್ತದೆ, ಅಂಚು ಬಿರಿಯುವುದಿಲ್ಲ.

ಬೇಸಿಗೆಯ ಹೊತ್ತಿಗೆ ಬ್ಯಾಡಗಿ ಮೆಣಸಿನಕಾಯಿ ಬರುತ್ತದೆ, ಡಬ್ಬಿ ಮತ್ತು ಕಡ್ಡಿ ಎರಡೂ. ವರ್ಷದ ಖಾರ ಕುಟ್ಟಿಸುವ ಕಾಲವದು. ತೂಕ ಹೆಚ್ಚಿಸಲು ನೀರು ಚಿಮುಕಿಸಿದ ಕಾಯಿಯನ್ನು ಬೇರೊಂದು ಅಂಗಡಿಯಿಂದ ತಂದು ಒಮ್ಮೆ ಮೂರು ಕಿಲೋ ಬೂಷ್ಟು ಹಿಡಿಸಿಕೊಂಡಿದ್ದೇನೆ. ಇಲ್ಲಿ ತೊಟ್ಟು ಹಿಡಿದು ಅಲುಗಾಡಿಸಿ ನೋಡಲು ಬಿಡುತ್ತಾರೆ. ಒಳಗಿನ ಬೀಜ ಗಲಗಲ ಎಂದರೆ ಕಾಯಿ ಒಣಗಿದೆ ಎಂದರ್ಥ. ಡಬ್ಬಿಯದು ಬಣ್ಣ ಹೆಚ್ಚು, ಖಾರ ಕಡಿಮೆ. ಬರೀ ಅದನ್ನೇ ಒಯ್ಯಲು ಹೊರಟರೆ, “ಸಾರಿಗೆ ಬಣ್ಣ ಬರುತ್ತದೆ, ಖಾರ ಬರುವುದಿಲ್ಲ, ಸ್ವಲ್ಪ ಗುಂಟೂರು ಕಾಯಿ ಸೇರಿಸಿ” ಎಂದು ತಡೆಯುತ್ತಾರೆ.

ಕೊರತೆಗಳೂ ಇವೆ. ಮಧ್ಯಾಹ್ನ ಒಂದೂವರೆಯಿಂದ ನಾಲ್ಕರವರೆಗೆ ಬಾಗಿಲು ಹಾಕುತ್ತಾರೆ, ನೌಕರಿ ಮಾಡುವವರಿಗೆ ಇದು ನಿಜವಾದ ತೊಂದರೆ. ಮನೆಗೆ ತಲುಪಿಸುವುದಿಲ್ಲ. ಸಾಬೂನು, ಪೇಸ್ಟ್, ಬಿಸ್ಕತ್ತುಗಳಲ್ಲಿ ಆಯ್ಕೆ ಎರಡೋ ಮೂರೋ. ಬಿಲ್ಲಿನ ಕಂಪ್ಯೂಟರ್ ತಿಂಗಳ ಮೊದಲ ವಾರದಲ್ಲೇ ಕೈಕೊಡುತ್ತದೆ, ಸಾಲು ಬೀದಿಗೆ ಬರುತ್ತದೆ. ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ನಾನು ತಂದ ರವೆಯಲ್ಲಿ ಹುಳ ಇತ್ತು. ಮರುದಿನ ಒಯ್ದು ತೋರಿಸಿದಾಗ ಒಂದು ಮಾತೂ ಆಡದೆ ಬದಲಿಸಿಕೊಟ್ಟರು, ಮಿಕ್ಕ ಚೀಲವನ್ನು ನನ್ನೆದುರಿಗೇ ಒಳಗೆ ಸರಿಸಿದರು. ಆದರೆ ಮಾರುವ ಮೊದಲೇ ಅವರು ನೋಡಬೇಕಿತ್ತು. ಇದನ್ನು ನಾನು ಸೆಪ್ಟೆಂಬರ್‌ನ ವಾರ್ಷಿಕ ಸಭೆಯಲ್ಲಿ ಎದ್ದುನಿಂತು ಹೇಳಿದೆ. ಐವತ್ತು ಜನರ ಮುಂದೆ ಮಾತಾಡಿದ್ದು ಅದೇ ಮೊದಲು, ಗಂಟಲು ನಡುಗುತ್ತಿತ್ತು. ಈಗ ಮಳೆಗಾಲದಲ್ಲಿ ರವೆ, ಮೈದಾ ಸಣ್ಣ ಚೀಲಗಳಲ್ಲೇ ಬರುತ್ತವೆ.

ದರದ ಮಾತಿಗೆ ಬಂದರೆ, ಕಾಳುಕಡಿಯಲ್ಲಿ ಪೇಟೆಗಿಂತ ಒಂದೆರಡು ರೂಪಾಯಿ ಕಡಿಮೆ, ಪೊಟ್ಟಣದ ಸಾಮಾನಿನಲ್ಲಿ ಹೆಚ್ಚೇನೂ ವ್ಯತ್ಯಾಸವಿಲ್ಲ. ಕಳೆದ ವರ್ಷ ನನ್ನ ಪಾಲಿನ ಲಾಭಾಂಶ 120 ರೂಪಾಯಿ. ಉಳಿತಾಯಕ್ಕೆಂದೇ ಸೇರುವವರಿಗೆ ಇದು ಸಾಲದು. ಕಾಳನ್ನು ಮುಟ್ಟಿ, ಮೂಸಿ, ಕೇಳಿ ಕೊಳ್ಳಬೇಕೆನ್ನುವವರು ಖಂಡಿತ ಸದಸ್ಯರಾಗಿ. ಆಧಾರ್ ಪ್ರತಿ, ಎರಡು ಭಾವಚಿತ್ರ ಸಾಕು. ಆಡಳಿತ ಮಂಡಳಿಯ ಸಭೆ ಆಗುವವರೆಗೆ ಕಾಯಬೇಕು ಅಷ್ಟೇ.

ನಾಗರ ಪಂಚಮಿಯ ಹಿಂದಿನ ವಾರ ಹೋಗುವವರು ಬೆಳಿಗ್ಗೆ ಒಂಬತ್ತಕ್ಕೇ ಹೋಗಿ. ಉಂಡಿಗೆಂದು ಊರಿನವರೆಲ್ಲ ಶೇಂಗಾ, ಎಳ್ಳು, ಬೆಲ್ಲಕ್ಕೆ ಮುಗಿಬೀಳುತ್ತಾರೆ, ಹನ್ನೊಂದರ ಹೊತ್ತಿಗೆ ಚೀಲದ ತಳ ಕಾಣುತ್ತದೆ.