ಕೋಹೆನ್ ಹಾಡುಗಳ ಎರಡು ಟ್ರಿಬ್ಯೂಟ್ ಆಲ್ಬಂಗಳು: ಪಕ್ಕಪಕ್ಕದಲ್ಲಿಟ್ಟು ಕೇಳಿದಾಗ

ಟ್ರಿಬ್ಯೂಟ್ ಆಲ್ಬಂಗಳಲ್ಲಿ ಎರಡು ಬಗೆಗಳಿವೆ. ಒಂದರಲ್ಲಿ ಎಲ್ಲರೂ ಬಲ್ಲ ತಾರೆಯರು ಇನ್ನೊಬ್ಬ ದೊಡ್ಡ ಕಲಾವಿದರ ಹಾಡುಗಳನ್ನು ಹಾಡಿರುತ್ತಾರೆ. ಇನ್ನೊಂದರಲ್ಲಿ ಹೆಚ್ಚಿನವರು ಹೆಸರೂ ಕೇಳಿರದ ಬ್ಯಾಂಡ್‌ಗಳು ಅದೇ ಕೆಲಸಕ್ಕೆ ಕೈಹಾಕಿರುತ್ತವೆ. ಎರಡನೆಯ ಬಗೆಯತ್ತ ನನಗೆ ಬಹುಕಾಲದಿಂದ ಒಲವಿದೆ, ಆದರೆ ಒಲವು ಬೇರೆ, ಪರೀಕ್ಷೆ ಬೇರೆ. ಪರೀಕ್ಷಿಸಬೇಕಾದರೆ ಒಬ್ಬರೇ ಗೀತಕಾರರ ಹಾಡುಗಳನ್ನು ಎರಡೂ ಬಗೆಯವರು ಹಾಡಿರಬೇಕು, ಅದರಲ್ಲೂ ಕೆಲವು ಹಾಡುಗಳಾದರೂ ಎರಡೂ ಕಡೆ ಇರಬೇಕು. ಕೆನಡಾದ ಕವಿ, ಗಾಯಕ ಲಿಯೊನಾರ್ಡ್ ಕೋಹೆನ್ ಅವರ ವಿಷಯದಲ್ಲಿ ಅಂಥ ಜೋಡಿಯೊಂದು ಸಿಗುತ್ತದೆ.

ಮೊದಲನೆಯದು 1991ರ ‘ಐಯಾಮ್ ಯುವರ್ ಫ್ಯಾನ್’. ಇದನ್ನು ರೂಪಿಸಿದ್ದು ಫ್ರಾನ್ಸಿನ ಸಂಗೀತ ಪತ್ರಿಕೆ ‘ಲೆಜ್ ಎನ್‌ರೊಕ್ಯುಪ್ತಿಬ್ಲ್’. ಸಿ.ಡಿ.ಯಲ್ಲಿರುವ 18 ಹಾಡುಗಳಲ್ಲಿ ಆರ್.ಇ.ಎಂ. ಬ್ಯಾಂಡಿನದೂ ಒಂದು, ಆ ಬ್ಯಾಂಡ್ ಅಷ್ಟರಲ್ಲಿ ಜಗತ್ತಿಗೇ ಪರಿಚಿತವಾಗಿತ್ತು ಎಂಬುದನ್ನು ಒಪ್ಪಬೇಕು. ಉಳಿದಂತೆ ನ್ಯೂಜಿಲೆಂಡಿನ ಡೆಡ್ ಫೇಮಸ್ ಪೀಪಲ್, ಐರ್ಲೆಂಡಿನ ಫಾತಿಮಾ ಮ್ಯಾನ್ಷನ್ಸ್, ಇಂಗ್ಲೆಂಡಿನ ಲೈಲಾಕ್ ಟೈಮ್, ಆಸ್ಟ್ರೇಲಿಯಾದ ರಾಬರ್ಟ್ ಫಾರ್ಸ್ಟರ್ ಮೊದಲಾದವರನ್ನು ಬಲ್ಲವರು ಆ ಬಗೆಯ ಸಂಗೀತವನ್ನು ಹುಡುಕಿ ಕೇಳುವವರು ಮಾತ್ರ. ಎರಡನೆಯದು 1995ರ ‘ಟವರ್ ಆಫ್ ಸಾಂಗ್’. ಅದರಲ್ಲಿ 13 ಹಾಡುಗಳು. ಎಲ್ಟನ್ ಜಾನ್, ಸ್ಟಿಂಗ್, ಬೋನೋ, ಬಿಲ್ಲಿ ಜೋಯಲ್, ಪೀಟರ್ ಗೇಬ್ರಿಯಲ್, ವಿಲ್ಲಿ ನೆಲ್ಸನ್ ಹೀಗೆ ಹೆಸರಿನ ಬಲದಿಂದಲೇ ಅಂಗಡಿಯಲ್ಲಿ ಕೈಗೆತ್ತಿಕೊಳ್ಳುವಂಥ ಆಲ್ಬಂ ಅದು. ‘ಸುಝಾನ್’, ‘ಹಲೆಲೂಯಾ’, ‘ಬರ್ಡ್ ಆನ್ ದ ವೈರ್’ ಮತ್ತು ‘ಐಯಾಮ್ ಯುವರ್ ಮ್ಯಾನ್’ ಎರಡರಲ್ಲೂ ಇವೆ.

ನಾನು ಅನುಸರಿಸಿದ ಕ್ರಮ ಸರಳವಾದದ್ದು. ಮೊದಲು ಕೋಹೆನ್ ಅವರದೇ ದನಿಯಲ್ಲಿ ಮೂಲ ಹಾಡನ್ನು ಕೇಳಿ, ಸ್ವಲ್ಪ ಬಿಡುವು ಕೊಟ್ಟು, ಬಳಿಕ ಎರಡು ಕವರ್‌ಗಳನ್ನು, ಅಂದರೆ ಬೇರೆಯವರು ಹಾಡಿದ ರೂಪಗಳನ್ನು, ಒಂದೇ ಹೆಡ್‌ಫೋನಿನಲ್ಲಿ ಒಂದರ ಹಿಂದೆ ಒಂದರಂತೆ ಕೇಳಿದೆ. ಮರುದಿನ ಅದೇ ಹಾಡುಗಳನ್ನು ಹಿಂದುಮುಂದಾಗಿಸಿ ಕೇಳಿದೆ. ದನಿಯ ಮಟ್ಟವನ್ನು ಎರಡಕ್ಕೂ ಸಮನಾಗಿಸಿಕೊಂಡದ್ದು ಇಲ್ಲಿ ಮುಖ್ಯ, ಏಕೆಂದರೆ ಎರಡು ಧ್ವನಿಮುದ್ರಣಗಳಲ್ಲಿ ಸ್ವಲ್ಪ ಜೋರಾಗಿ ಕೇಳುವುದೇ ಕಿವಿಗೆ ಹೆಚ್ಚು ಚೆನ್ನಾಗಿ ತೋರುತ್ತದೆ, ಮತ್ತು ಆ ಮೋಸ ನಮ್ಮ ಅರಿವಿಗೆ ಬರುವುದಿಲ್ಲ.

‘ಸುಝಾನ್’ ಕೋಹೆನ್ ಅವರ 1967ರ ಮೊದಲ ಆಲ್ಬಂನ ಹಾಡು. 1991ರಲ್ಲಿ ಇದನ್ನು ಹಾಡಿದವರು ಉಗಾಂಡಾದ ಜೆಫ್ರಿ ಒರೈಮಾ. ಅವರ ತಂದೆ ಸರ್ವಾಧಿಕಾರಿ ಈದಿ ಅಮೀನ್ ಸರ್ಕಾರದಲ್ಲಿ ಮಂತ್ರಿಯಾಗಿದ್ದವರು. 1977ರಲ್ಲಿ ಅವರ ಕೊಲೆಯಾದಾಗ ಮಗ ದೇಶ ತೊರೆದು ಫ್ರಾನ್ಸಿನಲ್ಲಿ ನೆಲೆಸಿದರು. 1990ರಲ್ಲಿ ಒರೈಮಾ ಅವರ ‘ಎಕ್ಸೈಲ್’ ಆಲ್ಬಂ ಹೊರತಂದ ರಿಯಲ್ ವರ್ಲ್ಡ್ ಕಂಪನಿ ಪೀಟರ್ ಗೇಬ್ರಿಯಲ್ ಅವರು ಕಟ್ಟಿದ್ದು. ಅದೇ ಗೇಬ್ರಿಯಲ್ 1995ರಲ್ಲಿ ‘ಸುಝಾನ್’ ಹಾಡಿದರು. ಆಶ್ರಯ ಕೊಟ್ಟವರೂ ಪಡೆದವರೂ ಒಂದೇ ಹಾಡನ್ನು ಹಾಡಿರುವುದರಿಂದ ಈ ಜೋಡಿಯನ್ನು ಎಲ್ಲಕ್ಕಿಂತ ಹೆಚ್ಚು ಗಮನವಿಟ್ಟು ಕೇಳಿದೆ.

ಗೇಬ್ರಿಯಲ್ ಅವರ ಹಾಡಿನಲ್ಲಿ ಕುಂದು ಹುಡುಕುವುದು ಕಷ್ಟ. ನಿಧಾನದ ನಡೆ, ಸುತ್ತಲೂ ಮಂಜಿನಂತೆ ಹಬ್ಬಿದ ನಾದ, ಪ್ರತಿಯೊಂದು ಸಾಲನ್ನೂ ತೂಗಿ ಇಟ್ಟ ಬಗೆ, ಎಲ್ಲವೂ ಪಳಗಿದ ಕೈಯ ಕೆಲಸ. ಆದರೂ ಕೇಳುತ್ತಿರುವಷ್ಟು ಹೊತ್ತೂ ನನ್ನ ಮನಸ್ಸಿನ ಮುಂದೆ ನಿಂತದ್ದು ಗೇಬ್ರಿಯಲ್. ಅವರ ಗಂಟಲಿನ ಒರಟು, ಸ್ವರವನ್ನು ಅವರು ಮೇಲಕ್ಕೆತ್ತುವ ರೀತಿ ಇವೆಲ್ಲ ಅವರ ಸ್ವಂತ ಹಾಡುಗಳಿಂದ ನಮಗೆ ಮೊದಲೇ ಗೊತ್ತು. ಆ ಪರಿಚಯವೇ ಹಾಡಿನ ನಾಯಕಿಯಾದ ನದಿಯ ದಡದ ಹೆಣ್ಣನ್ನು ಪಕ್ಕಕ್ಕೆ ಸರಿಸಿಬಿಡುತ್ತದೆ. ಒರೈಮಾ ಅವರ ದನಿಯೊಂದಿಗೆ ನನಗೆ ಅಂಥ ಹಳೆಯ ನಂಟಿರಲಿಲ್ಲ. ತಗ್ಗಿದ, ಮೆತ್ತನೆಯ ಆ ದನಿ ಇಂಗ್ಲಿಷ್ ಮಾತುಗಳನ್ನು ಬೇರೊಂದು ನಾಲಗೆಯ ಒತ್ತಿನಲ್ಲಿ ಉಚ್ಚರಿಸಿದಾಗ, ಎಷ್ಟೋ ಸಲ ಕೇಳಿ ಸವೆದುಹೋಗಿದ್ದ ಸಾಲುಗಳು ಮತ್ತೆ ಕಿವಿಗೆ ಬಿದ್ದವು. ಹಾಡಿನಲ್ಲಿ ಯಾರು ಯಾರನ್ನು ಎಲ್ಲಿಗೆ ಕರೆದೊಯ್ಯುತ್ತಾರೆ ಎಂಬುದನ್ನು ನಾನು ಹೊಸದಾಗಿ ಹಿಂಬಾಲಿಸತೊಡಗಿದೆ. ಹೆಸರಾಗದ ಕಲಾವಿದರು ಕವರ್ ಹಾಡಿದಾಗ ಕೇಳುಗನಿಗೆ ದೊರೆಯುವ ದೊಡ್ಡ ಲಾಭ ಇದೇ ಎಂಬುದು ನನ್ನ ನಂಬಿಕೆ: ಹಾಡಿಗೂ ನಮಗೂ ನಡುವೆ ಪರಿಚಿತ ಮುಖವೊಂದು ಬಂದು ನಿಲ್ಲುವುದಿಲ್ಲ.

‘ಹಲೆಲೂಯಾ’ ಜೋಡಿಯ ವ್ಯತ್ಯಾಸ ಇನ್ನೂ ತೀವ್ರವಾದದ್ದು. ಇಂದು ಈ ಹಾಡನ್ನು ಕೇಳದವರು ವಿರಳ. ಆದರೆ ಅದು ಮೊದಲು ಬಂದ 1984ರ ‘ವೇರಿಯಸ್ ಪೊಸಿಷನ್ಸ್’ ಆಲ್ಬಂ ಅನ್ನು ಅಮೆರಿಕದಲ್ಲಿ ಬಿಡುಗಡೆ ಮಾಡಲು ಕೋಹೆನ್ ಅವರ ಕಂಪನಿಯಾದ ಕೊಲಂಬಿಯಾ ಒಪ್ಪಿರಲಿಲ್ಲ. ಹಾಡು ಮೂಲೆಗೆ ಬಿದ್ದಿದ್ದ ಹೊತ್ತಿನಲ್ಲಿ ವೇಲ್ಸ್‌ನ ಜಾನ್ ಕೇಲ್ ಅದನ್ನು ‘ಐಯಾಮ್ ಯುವರ್ ಫ್ಯಾನ್’ ಆಲ್ಬಂನ ಕೊನೆಯ ಹಾಡಾಗಿ ಹಾಡಿದರು. ಅಮೆರಿಕದ ರಾಕ್ ತಂಡ ವೆಲ್ವೆಟ್ ಅಂಡರ್‌ಗ್ರೌಂಡ್‌ನ ಸ್ಥಾಪಕರಲ್ಲಿ ಒಬ್ಬರಾಗಿ ಸಂಗೀತಗಾರರ ನಡುವೆ ಅವರಿಗೆ ಗೌರವವಿತ್ತು. ಸಾಮಾನ್ಯ ಕೇಳುಗರಿಗೆ ಅವರು ಅಪರಿಚಿತರೇ. ಕೇಲ್ ಸಾಹಿತ್ಯ ಕೇಳಿದಾಗ ಕೋಹೆನ್ ಫ್ಯಾಕ್ಸ್ ಮೂಲಕ ಪುಟಗಟ್ಟಲೆ ಚರಣಗಳನ್ನು ಕಳಿಸಿದರು. ಅವುಗಳಿಂದ ತಮಗೆ ಬೇಕಾದವನ್ನು ಆಯ್ದುಕೊಂಡ ಕೇಲ್, 1984ರ ಮುದ್ರಣದಲ್ಲಿದ್ದ ಮೇಳದ ಹಿಮ್ಮೇಳವನ್ನೆಲ್ಲ ಬಿಟ್ಟು, ಬರಿಯ ಪಿಯಾನೋ ಮತ್ತು ತಮ್ಮ ದನಿಯಲ್ಲಿ ಹಾಡಿದರು. ಅಮೆರಿಕದ ಗಾಯಕ ಜೆಫ್ ಬಕ್ಲಿ ಈ ಹಾಡನ್ನು ಕಲಿತದ್ದು ಕೇಲ್ ಅವರ ಮುದ್ರಣದಿಂದ. 1994ರಲ್ಲಿ ಅವರ ‘ಗ್ರೇಸ್’ ಆಲ್ಬಂನಲ್ಲಿ ಬಂದ ರೂಪವೇ ಮುಂದೆ ನೂರಾರು ಗಾಯಕರಿಗೆ ಮಾದರಿಯಾಯಿತು. ಸಂಗೀತ ಪತ್ರಿಕೆಯೊಂದರ ಅಭಿಮಾನದಿಂದ ಹುಟ್ಟಿದ ಆಲ್ಬಂನ ಕಟ್ಟಕಡೆಯ ಹಾಡು ಒಂದು ಗೀತೆಯ ಬದುಕನ್ನೇ ಹೀಗೆ ತಿರುಗಿಸಿತು.

ಬೋನೋ 1995ರಲ್ಲಿ ಹಿಡಿದ ದಾರಿ ಬೇರೆ. ಎಲೆಕ್ಟ್ರಾನಿಕ್ ತಾಳದ ಮೇಲೆ ಚರಣಗಳನ್ನು ಪಿಸುಮಾತಿನಂತೆ ಆಡುತ್ತ ಹೋಗಿ, ಪಲ್ಲವಿ ಬಂದಾಗ ಮಾತ್ರ ತೆಳ್ಳನೆಯ ಮೇಲುದನಿಗೆ ಏರುತ್ತಾರೆ. ಹೊಸದೇನನ್ನಾದರೂ ಮಾಡಬೇಕೆಂಬ ಅವರ ಧೈರ್ಯವನ್ನು ಮೆಚ್ಚುತ್ತೇನೆ, ಆದರೆ ಆ ಹೊಸತನ ಹಾಡಿನ ಒಳಗಿನಿಂದ ಮೂಡಿದ್ದಲ್ಲ. ಈ ಹಾಡಿನ ಚರಣದಲ್ಲೊಂದು ಕಡೆ ಸಾಹಿತ್ಯವು ತನ್ನದೇ ಸ್ವರಗಳ ಏರಿಳಿತವನ್ನು ಹೆಸರಿಸುತ್ತ ಸಾಗುತ್ತದೆ, ಮಟ್ಟು ಅದರ ಜೊತೆಜೊತೆಗೇ ಏರಿಳಿಯುತ್ತದೆ. ಕೇಲ್ ಅವರ ಪಿಯಾನೋ ಆ ಜಾಗದಲ್ಲಿ ಮಾತನ್ನು ಒಂದೊಂದೇ ಮೆಟ್ಟಿಲಾಗಿ ಹಿಂಬಾಲಿಸುವುದು ಸ್ಪಷ್ಟವಾಗಿ ಕೇಳುತ್ತದೆ. ಅದೇ ಸಾಲನ್ನು ಮಾತಿನಂತೆ ಆಡಿಬಿಟ್ಟರೆ ಮಟ್ಟಿಗೂ ಸಾಹಿತ್ಯಕ್ಕೂ ಇರುವ ಆ ಕೊಂಡಿ ಕಳಚಿಹೋಗುತ್ತದೆ.

‘ಬರ್ಡ್ ಆನ್ ದ ವೈರ್’ ವಿಷಯದಲ್ಲಿ ತೀರ್ಪು ಉಲ್ಟಾ. ಲೈಲಾಕ್ ಟೈಮ್ ತಂಡದ ರೂಪ ಹಿತವಾಗಿದೆ, ಅಷ್ಟೆ. ವಿಲ್ಲಿ ನೆಲ್ಸನ್ ಅವರ ಮಾಗಿದ ಕಂಠದಲ್ಲಿ ಮಾತ್ರ, ತಾನು ಮಾಡಿದ ನೋವುಗಳಿಗೆ ಲೆಕ್ಕ ಒಪ್ಪಿಸುವ ಆ ಹಾಡು ನಿಜವಾಗಿಯೂ ವಯಸ್ಸಾದವರೊಬ್ಬರ ನಿವೇದನೆಯಾಗಿ ಕೇಳುತ್ತದೆ. ಇಲ್ಲಿ ತಾರೆಯ ಪರಿಚಿತ ಬದುಕು ಹಾಡಿಗೆ ಅಡ್ಡ ಬರದೆ ಅದಕ್ಕೆ ಒದಗಿಬಂದಿದೆ. ‘ಐಯಾಮ್ ಯುವರ್ ಮ್ಯಾನ್’ ಹಾಡನ್ನು ಬಿಲ್ ಪ್ರಿಚರ್ಡ್ ಆಗಲಿ ಎಲ್ಟನ್ ಜಾನ್ ಆಗಲಿ ಮೂಲವನ್ನು ಮರೆಸುವಂತೆ ಹಾಡಿಲ್ಲ. ಆ ಹಾಡು ನಿಂತಿರುವುದೇ ಕೋಹೆನ್ ಅವರ ತಳದ ದನಿಯ ಮೇಲೆ.

ಎರಡೂ ಕಡೆ ಇಲ್ಲದ ಹಾಡುಗಳ ಬಗ್ಗೆಯೂ ಹೇಳಬೇಕು. ತಾರೆಯರ ಆಲ್ಬಂನಲ್ಲಿ ನನಗೆ ಅತ್ಯುತ್ತಮವಾಗಿ ಕಂಡದ್ದು ಟೋರಿ ಏಮಸ್ ತಮ್ಮ ಪಿಯಾನೋ ಒಂದನ್ನೇ ನೆಚ್ಚಿಕೊಂಡು ಹಾಡಿದ ‘ಫೇಮಸ್ ಬ್ಲೂ ರೇನ್‌ಕೋಟ್’. ಇನ್ನೊಂದು ಆಲ್ಬಂನಲ್ಲಿ ಪಿಕ್ಸೀಸ್ ‘ಐ ಕಾಂಟ್ ಫರ್ಗೆಟ್’ ಹಾಡನ್ನು ಗಿಟಾರುಗಳ ರಭಸಕ್ಕೆ ಒಡ್ಡಿ, ಎಲ್ಲಿಯೂ ಉಸಿರು ಎಳೆಯದೆ ಮುಗಿಸುತ್ತಾರೆ. ಫ್ರಾನ್ಸಿನ ಜಾನ್-ಲೂಯಿ ಮ್ಯುರಾ ‘ಅವಲಾಂಚ್’ ಹಾಡನ್ನು ಫ್ರೆಂಚ್‌ಗೆ ತಂದು ಹಾಡುತ್ತಾರೆ. ಅರ್ಥ ಪೂರ್ತಿ ತಿಳಿಯದಿದ್ದರೂ ಹಾಡಿನ ಕತ್ತಲು ತಿಳಿಯುತ್ತದೆ. ಈ ಬಗೆಯ ಆಲ್ಬಂಗಳ ದೌರ್ಬಲ್ಯವನ್ನೂ ಮುಚ್ಚಿಡಬಾರದು. ಹದಿನೆಂಟರಲ್ಲಿ ಕೆಲವು ಹಾಡುಗಳು ಮೂಲದ ಮೇಲಿನ ಭಕ್ತಿಯಿಂದ ಮುಂದಕ್ಕೆ ಹೆಜ್ಜೆಯನ್ನೇ ಇಡುವುದಿಲ್ಲ; ಧ್ವನಿಮುದ್ರಣದ ಗುಣಮಟ್ಟ ಒಂದರಿಂದ ಇನ್ನೊಂದಕ್ಕೆ ಏರುಪೇರಾಗುತ್ತದೆ. ಮನೆಯಲ್ಲಿ ಹಿನ್ನೆಲೆಯಾಗಿ ಹಾಕಿಡಲು ‘ಟವರ್ ಆಫ್ ಸಾಂಗ್’ ಹೆಚ್ಚು ಅನುಕೂಲ, ಏಕೆಂದರೆ ಅದು ಎಲ್ಲಿಯೂ ಕೇಳುಗನನ್ನು ಬೆಚ್ಚಿಬೀಳಿಸುವುದಿಲ್ಲ.

ಸಣ್ಣ ಬ್ಯಾಂಡ್‌ಗಳು ಇಂಥ ಕೆಲಸಕ್ಕೆ ಧೈರ್ಯವಾಗಿ ಇಳಿಯುವುದರ ಹಿಂದೆ ಕಾನೂನಿನ ನೆರವೂ ಇದೆ. ಅಮೆರಿಕದಲ್ಲಿ 1909ರಿಂದ ಕಡ್ಡಾಯ ಪರವಾನಗಿಯ ಪದ್ಧತಿಯಿದೆ: ಹಾಡೊಂದರ ಧ್ವನಿಮುದ್ರಣ ಹಕ್ಕುದಾರರ ಒಪ್ಪಿಗೆಯಿಂದ ಒಮ್ಮೆ ಜನರ ಕೈಸೇರಿದ ಮೇಲೆ, ನಿಗದಿತ ರಾಯಧನ ಕೊಟ್ಟು ಯಾರು ಬೇಕಾದರೂ ಅದನ್ನು ತಮ್ಮ ದನಿಯಲ್ಲಿ ಮುದ್ರಿಸಬಹುದು. 2006ರಿಂದ 2022ರವರೆಗೆ ಐದು ನಿಮಿಷದೊಳಗಿನ ಹಾಡಿಗೆ ಆ ದರ ಒಂದು ಪ್ರತಿಗೆ 9.1 ಸೆಂಟ್ ಇತ್ತು. ತಮ್ಮ ಶೈಲಿಗೆ ತಕ್ಕಂತೆ ವಾದ್ಯಗಳನ್ನು ಜೋಡಿಸಿಕೊಳ್ಳಬಹುದು, ಮೂಲ ಮಟ್ಟನ್ನೂ ಹಾಡಿನ ಸ್ವಭಾವವನ್ನೂ ಬದಲಿಸುವಂತಿಲ್ಲ. ದೊಡ್ಡವರಿಗೂ ಸಣ್ಣವರಿಗೂ ದರ ಒಂದೇ ಆದ್ದರಿಂದ, ಹೆಸರಿಲ್ಲದ ತಂಡವೊಂದು ಯಾರ ಶಿಫಾರಸೂ ಇಲ್ಲದೆ ಮಹಾನ್ ಗೀತೆಯೊಂದನ್ನು ಕೈಗೆತ್ತಿಕೊಳ್ಳಬಹುದು.

ಹೆಸರಾಗದವರ ಕವರ್‌ನಲ್ಲಿ ಹಾಡು ಹೊಸದಾಗಿ ಕೇಳಿಸುತ್ತದೆ ಎಂಬ ಮಾತು ಕೋಹೆನ್ ಅವರ ಹಾಡುಗಳಾಚೆಗೂ ನಿಲ್ಲುತ್ತದೆಯೇ ಎಂದು ನೋಡಲು, ಅಮೆರಿಕದ ಅಣ್ಣತಂಗಿಯರ ಪಾಪ್ ಗಾಯನ ಜೋಡಿಯಾದ ಕಾರ್ಪೆಂಟರ್ಸ್‌ಗೆ ಅರ್ಪಿಸಿದ 1994ರ ‘ಇಫ್ ಐ ವರ್ ಎ ಕಾರ್ಪೆಂಟರ್’ ಕೇಳಿದೆ. ಇದನ್ನು ಹೊರತಂದದ್ದೂ ಮುಂದಿನ ವರ್ಷ ‘ಟವರ್ ಆಫ್ ಸಾಂಗ್’ ಹೊರತಂದ ಎ ಅಂಡ್ ಎಂ ಕಂಪನಿಯೇ, ಆದರೆ ಇಲ್ಲಿ ಅದು ಆರಿಸಿಕೊಂಡದ್ದು ಹೆಚ್ಚಾಗಿ ಆಲ್ಟರ್ನೇಟಿವ್, ಅಂದರೆ ಮುಖ್ಯವಾಹಿನಿಯಿಂದ ದೂರದ ರಾಕ್ ಬ್ಯಾಂಡ್‌ಗಳನ್ನು. ನಯನಾಜೂಕಿನ ಆ ಹಾಡುಗಳನ್ನು ಗದ್ದಲದ ಬ್ಯಾಂಡ್‌ಗಳು ಗೇಲಿ ಮಾಡಬಹುದೆಂಬ ಅಳುಕು ಸಹಜ. ಗೇಲಿಯ ಸುಳಿವೂ ಇಲ್ಲ. ಸೋನಿಕ್ ಯೂತ್ ಹಾಡಿದ ‘ಸೂಪರ್‌ಸ್ಟಾರ್’ನಲ್ಲಿ ಕಿವಿಯ ಹತ್ತಿರವೇ ಉಸುರಿದಂಥ ದನಿ, ಅದರ ಹಿಂದೆ ಗಿಟಾರುಗಳ ಕೊರೆತ, ದೂರವಾದ ಗಾಯಕನಿಗಾಗಿ ಕಾಯುವ ಅಭಿಮಾನಿಯ ಆ ಹಾಡಿನಲ್ಲಿ ಮೊದಲಿನಿಂದಲೂ ಇದ್ದ ಹುಚ್ಚು ಇಲ್ಲಿ ಬಯಲಿಗೆ ಬರುತ್ತದೆ. ಕ್ಯಾರನ್ ಕಾರ್ಪೆಂಟರ್ ಅವರ ಮುದ್ರಣಕ್ಕೆ ಮರಳಿದಾಗ, ಅವರ ತುಂಬುಕಂಠದ ಕೆಳಗೆ ಅದೇ ಹುಚ್ಚು ಅಡಗಿರುವುದು ನನಗೆ ಕೇಳಿಸಿತು.

ಎರಡು ಕೋಹೆನ್ ಆಲ್ಬಂಗಳಲ್ಲೂ ಒಂದೊಂದು ಹಾಡು ಎರಡೆರಡು ಬಾರಿ ಬರುತ್ತದೆ. ‘ಕಮಿಂಗ್ ಬ್ಯಾಕ್ ಟು ಯು’ ಹಾಡನ್ನು 1995ರಲ್ಲಿ ಟ್ರಿಶಾ ಇಯರ್‌ವುಡ್ ಮತ್ತು ಡೆಪೇಶ್ ಮೋಡ್ ತಂಡದ ಮಾರ್ಟಿನ್ ಗೋರ್ ಹಾಡಿದ್ದಾರೆ. ಎರಡೂ ಮೃದು, ಎರಡೂ ಜಾಗರೂಕ. ‘ಟವರ್ ಆಫ್ ಸಾಂಗ್’ ಹಾಡು 1991ರ ಆಲ್ಬಂನಲ್ಲಿ ಎರಡು ಸಲ ಇದೆ. ರಾಬರ್ಟ್ ಫಾರ್ಸ್ಟರ್ ಅದನ್ನು ಅದರ ಸಾಹಿತ್ಯಕ್ಕೆ ತಲೆಬಾಗಿ ಹಾಡಿದರೆ, ನಿಕ್ ಕೇವ್ ಮತ್ತು ಅವರ ಬ್ಯಾಡ್ ಸೀಡ್ಸ್ ತಂಡದವರು ದೀರ್ಘವಾಗಿ ನುಡಿಸಿದ್ದನ್ನು ತುಂಡರಿಸಿ, ಒಂದು ಶೈಲಿಯಿಂದ ಇನ್ನೊಂದಕ್ಕೆ ಏಕಾಏಕಿ ಜಿಗಿಯುತ್ತ, ಹಾಡನ್ನು ಚಿಂದಿ ಮಾಡಿ ಮತ್ತೆ ಹೊಲಿಯುತ್ತಾರೆ. ಮೊದಲ ಸಲ ಕೇಳುವವರು ಫಾರ್ಸ್ಟರ್ ಅವರಿಂದ ಶುರುಮಾಡಿ ಕೇವ್ ಅವರ ಕಡೆಗೆ ಹೋಗಲಿ. ಆಗ ಕೇವ್ ಏನನ್ನು ಮುರಿಯುತ್ತಿದ್ದಾರೆ ಎಂಬುದು ಗೊತ್ತಿರುತ್ತದೆ.